ಅರ್ಜಿಯಮ್ಮ ಪಾರ್ಕಿನ ಬ್ಯಾಂಡು ನಿಲ್ಲಿಸಿದ್ದು

ನಗರಸಭೆಯ ಹಿಂಬಾಗಿಲ ಪಕ್ಕ, ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲಿ ಒಂದು ಮೇಜು, ಒಂದು ಟೈಪ್ ಮಿಷನ್, ಒಂದು ಕುಂಟು ಸ್ಟೂಲು. ಇಪ್ಪತ್ತಾರು ವರ್ಷದಿಂದ ಅಲ್ಲಿ ಕೂತು ಬೇರೆಯವರ ಸಿಟ್ಟನ್ನು ಟೈಪು ಮಾಡಿಕೊಡುತ್ತಿರುವ ಹೆಂಗಸಿಗೆ ಎಲ್ಲರೂ ಅನ್ನುವುದು ಅರ್ಜಿಯಮ್ಮ ಎಂದೇ. ನಲ್ಲಿಯಲ್ಲಿ ನೀರು ಬಾರದವರು, ಚರಂಡಿ ಕಟ್ಟಿಕೊಂಡವರು, ಮೇಲಿನ ಮನೆಯವರ ಹಸಿ ಬಟ್ಟೆಯ ನೀರು ತಲೆ ಮೇಲೆ ತೊಟ್ಟಿಕ್ಕಿಸಿಕೊಂಡವರು ಎಲ್ಲ ಅವಳ ಹತ್ತಿರವೇ ಬರುತ್ತಾರೆ. ಬಂದವರು ಮೊದಲ ಹತ್ತು ನಿಮಿಷ ಬರೀ ಬೈಯುತ್ತಾರೆ. ಅವಳು ಬೈಗುಳವನ್ನೆಲ್ಲ ಸೋಸಿ, ಒಂದು ಹಾಳೆಗೆ ಹಿಡಿಸುವಷ್ಟು ದೂರು ಮಾಡಿ ಕೈಗೆ ಕೊಡುತ್ತಾಳೆ. ಆ ಕೆಲಸದಲ್ಲಿ ಅವಳದು ಎತ್ತಿದ ಕೈ. ಯಾವ ಅಧಿಕಾರಿ ಯಾವ ಪದಕ್ಕೆ ಬೆಚ್ಚಿ ಬೀಳುತ್ತಾನೆಂಬುದು ಅವಳಿಗೆ ಬಾಯಿಪಾಠ. ‘ತೊಂದರೆ’ ಅಂತ ಬರೆದರೆ ಯಾರೂ ಅಲುಗಾಡುವುದಿಲ್ಲ. ‘ಪ್ರಾಣಾಪಾಯ’ ಅಂತ ಬರೆದು ನೋಡಿ, ಕುರ್ಚಿ ಬಿಟ್ಟೆದ್ದು ಕನ್ನಡಕ ಹುಡುಕುತ್ತಾರೆ.

ಅವಳದೇ ಕೆಲವು ಕಟ್ಟುಪಾಡುಗಳೂ ಇದ್ದವು. ಒಬ್ಬರ ಹೆಸರಲ್ಲಿ ಅರ್ಜಿ ಹಾಕಬಾರದು. ಒಬ್ಬನಾದರೆ ತಲೆಹರಟೆ, ನಲವತ್ತು ಜನವಾದರೆ ಸಾರ್ವಜನಿಕರು. ಬರೀ ಮಾತು ಸಾಲದು, ಸಾಕ್ಷಿ ಲಗತ್ತಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಸಾಲು. ಹಿಂದೊಮ್ಮೆ ಹೊಗೆ ಉಗುಳುವ ಕಾರ್ಖಾನೆಯೊಂದರ ಮೇಲೆ ಅವಳು ಬರೆದುಕೊಟ್ಟ ಅರ್ಜಿಯನ್ನು, ಮಾಲೀಕನ ಕಡೆಯವರು ಹೆದರಿಸಿದರೆಂದು ಅರ್ಜಿದಾರರೇ ವಾಪಸು ತೆಗೆದುಕೊಂಡಿದ್ದರು. ಮೈಯೆಲ್ಲ ಉರಿದುಹೋಗಿತ್ತು ಅವಳಿಗೆ. ಅಂದಿನಿಂದ ಪ್ರತಿ ಅರ್ಜಿಯ ಕೊನೆಗೂ ಒಂದು ಸಾಲು ಸೇರಿಸುತ್ತಿದ್ದಳು: ‘ಅರ್ಜಿದಾರರಲ್ಲಿ ಯಾರೇ ಆಗಲಿ ಮುಂದೆ ಒತ್ತಡಕ್ಕೋ ದಾಕ್ಷಿಣ್ಯಕ್ಕೋ ಮಣಿದು ಹಿಂದೆ ಸರಿದರೆ ಅದನ್ನು ಅವರ ಸ್ವಇಚ್ಛೆ ಎಂದು ಪರಿಗಣಿಸದೆ ಕ್ರಮವನ್ನು ಮುಂದುವರಿಸತಕ್ಕದ್ದು.’ ಕಚೇರಿಯ ಗುಮಾಸ್ತರು ಈ ಸಾಲು ನೋಡಿದ ಕೂಡಲೇ ಇದು ಯಾರ ಕೈಚಳಕ ಅಂತ ಗುರುತು ಹಿಡಿಯುತ್ತಿದ್ದರು. ಅವಳಿಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು ಅನ್ನಿ.

ಅವಳ ಗಂಡ ಅದೇ ನಗರಸಭೆಯಲ್ಲಿ ನೀರಿನ ಮೀಟರ್ ಓದುವವನು. ವಾರದಲ್ಲಿ ಆರು ದಿನ ಕಂಡವರ ಮನೆಯ ಮೂಲೆಗಳಲ್ಲಿ ಬಗ್ಗಿ ಮೀಟರ್ ಓದುತ್ತಿದ್ದ. ಏಳನೆಯ ದಿನ ನಗರಸಭೆಯ ಬ್ಯಾಂಡಿನಲ್ಲಿ ಟ್ಯೂಬಾ ನುಡಿಸುತ್ತಿದ್ದ. ಟ್ಯೂಬಾ ಅಂದರೆ ಬ್ಯಾಂಡಿಗೆಲ್ಲ ದೊಡ್ಡ ಕೊಂಬು. ತೊಡೆಯ ಮೇಲಿಟ್ಟುಕೊಂಡರೆ ನುಡಿಸುವವನ ಮುಖವೇ ಕಾಣದು. ರಾಗದ ಬೆಡಗೆಲ್ಲ ಸಣ್ಣ ವಾದ್ಯಗಳ ಪಾಲು, ಇದರ ಪಾಲಿಗೆ ತಳದಲ್ಲಿ ನಿಂತು ‘ಪೊಂ’ ಅನ್ನುವುದಷ್ಟೇ. ಪಾರ್ಕಿಗೆ ಬರುವ ಮಕ್ಕಳು ಅವನನ್ನು ಪೊಂ ಮಾಮ ಅನ್ನುತ್ತಿದ್ದರು. ಭಾನುವಾರ ಸಂಜೆ ಐದರಿಂದ ಆರರವರೆಗೆ, ಪಾರ್ಕಿನ ನಡುವಿನ ದುಂಡು ಮಂಟಪದಲ್ಲಿ ಹದಿನಾಲ್ಕು ಜನ ಕೂತು ನುಡಿಸುತ್ತಿದ್ದರು. ಕಸದ ಲಾರಿಯ ಡ್ರೈವರು, ಬೀದಿದೀಪ ರಿಪೇರಿಯವನು, ಹೀಗೆ ಎಲ್ಲರೂ ನಗರಸಭೆಯ ನೌಕರರೇ.

ಅವರ ಮನೆ ಪಾರ್ಕಿಗೆ ಎದುರಾಗಿ, ಮೂರನೆಯ ಮಹಡಿಯಲ್ಲಿತ್ತು. ಆದರೂ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅರ್ಜಿಯಮ್ಮ ಒಮ್ಮೆಯೂ ಕೆಳಗಿಳಿದು ಹೋಗಿ ಗಂಡ ನುಡಿಸುವುದನ್ನು ಕೂತು ಕೇಳಿದವಳಲ್ಲ. ಭಾನುವಾರ ಅವಳಿಗೆ ಬಟ್ಟೆ ಒಗೆಯುವ ದಿನ. ನೆಂಟರಿಷ್ಟರು ಕೇಳಿದರೆ, “ಪೊಂ ಅನ್ನೋಕೆ ಅಷ್ಟು ದೊಡ್ಡ ಹಿತ್ತಾಳೆ ಬೇಕಾ? ನಮ್ಮನೆಯವರ ಗೊರಕೆ ಕೇಳಿದೀನಲ್ಲ, ಸಾಕು” ಅಂತ ನಗಿಸುತ್ತಿದ್ದಳು. ಗಂಡನೂ ನಗುತ್ತಿದ್ದ. ಒಳ್ಳೆಯ ಮನುಷ್ಯ, ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ ಅಂತ ಅವಳು ಅಂದುಕೊಂಡಿದ್ದಳು.

ಅವನಿಗೆ ಲಕ್ವ ಹೊಡೆದದ್ದು ಒಂದು ಮಂಗಳವಾರ, ಯಾರದೋ ಮನೆಯ ಮೀಟರಿನ ಮುಂದೆ ಬಗ್ಗಿದ್ದಾಗ. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತಂತೂ ಪೂರ್ತಿ ಹೋಯಿತು. ಅವನಿನ್ನೂ ಆಸ್ಪತ್ರೆಯಲ್ಲಿದ್ದ, ಒಂಬತ್ತನೆಯ ದಿನ. ಬ್ಯಾಂಡ್ ಮಾಸ್ತರು ಇಬ್ಬರನ್ನು ಕಟ್ಟಿಕೊಂಡು ಮನೆಗೆ ಬಂದರು. ಕಾರ್ನೆಟ್ ಅನ್ನುವ ಸಣ್ಣ ತುತ್ತೂರಿ ನುಡಿಸುವ, ಬಿಳಿ ಮೀಸೆಯ ಈ ಮಾಸ್ತರು ಗಂಡನ ಹಳೆಯ ಗೆಳೆಯರು. ಅರ್ಜಿಯಮ್ಮ ಅವರನ್ನು ಅಣ್ಣ ಅನ್ನುತ್ತಿದ್ದಳು. ಬಾಗಿಲಲ್ಲೇ ನಿಂತು, “ತಪ್ಪು ತಿಳ್ಕೋಬೇಡ ತಂಗೀ, ಟ್ಯೂಬಾ ಕಚೇರಿ ಸ್ವತ್ತು, ನಾಳೆ ಸ್ಟಾಕ್ ತಪಾಸಣೆ ಇದೆ” ಅಂದರು. ರಸೀದಿಗೆ ಅವಳ ಸಹಿ ಹಾಕಿಸಿಕೊಂಡು, ಮಂಚದ ಕೆಳಗಿಂದ ಟ್ಯೂಬಾ ಎಳೆದು ಹೊತ್ತುಕೊಂಡು ಹೋದರು.

“ಮನುಷ್ಯ ಉಳೀತಾನಾ ಅಂತ ಕೇಳೋಕೆ ಮುಂಚೆ ಹಿತ್ತಾಳೆ ಕೇಳ್ಕೊಂಡು ಬಂದ್ರು ನೋಡು” ಅಂತ ಅವಳು ನಾದಿನಿಯ ಮುಂದೆ ಅತ್ತಳು. ಗಂಡನ ಈ ತಂಗಿ ಹತ್ತಿರದಲ್ಲೇ ಇದ್ದವಳು. ಹಗಲು ಹೊತ್ತು ಅಣ್ಣನನ್ನು ನೋಡಿಕೊಳ್ಳುತ್ತಿದ್ದಳು. ಬ್ಯಾಂಡಿನವರು ಆಮೇಲೆ ಎರಡು ಸಲ ಬಂದರು. ಮಾತೇ ಇಲ್ಲದವನ ಮುಂದೆ ಏನು ಮಾತಾಡುವುದೆಂದು ತಿಳಿಯದೆ ಫ್ಯಾನು ನೋಡುತ್ತಾ ಕೂತು, ಎದ್ದು ಹೋದರು. ಮತ್ತೆ ಯಾರೂ ಮಹಡಿ ಹತ್ತಲಿಲ್ಲ. ಅರ್ಜಿಯಮ್ಮ ಇದನ್ನೆಲ್ಲ ಮನಸ್ಸಿನ ಫೈಲಿನಲ್ಲಿ ದಿನಾಂಕ ಸಮೇತ ಇಟ್ಟುಕೊಂಡಳು.

ಇನ್ನು ಭಾನುವಾರಗಳು. ಗಂಡನ ಮಂಚ ಕಿಟಕಿಗೆ ಹೊಂದಿಕೊಂಡಿತ್ತು. ವಾರವಿಡೀ ತುಟಿ ಎರಡು ಮಾಡದೆ ಬಿದ್ದಿರುತ್ತಿದ್ದವನು, ಭಾನುವಾರ ಕೆಳಗೆ ಬ್ಯಾಂಡು ಶುರುವಾದದ್ದೇ ತಡ, ಎಡಗೈಯಿಂದ ಬಾಯಿ ಒರೆಸಿಕೊಂಡು, ಎದೆಯುಬ್ಬಿಸಿ, ಗಂಟಲ ಆಳದಿಂದ ‘ಹೂಂ... ಹೂಂ’ ಅಂತ ಕೂಗಲು ಶುರು ಮಾಡುತ್ತಿದ್ದ. ಮುಖ ಕೆಂಪಾಗುತ್ತಿತ್ತು, ಕಣ್ಣಲ್ಲಿ ನೀರು ತುಂಬುತ್ತಿತ್ತು. ಅವಳು ಕೈ ಒರೆಸಿಕೊಳ್ಳುತ್ತಾ ಓಡಿ ಬಂದು ಕಿಟಕಿ ಮುಚ್ಚುತ್ತಿದ್ದಳು. ಮುಚ್ಚಿದರೆ ಇನ್ನೂ ಜೋರಾಗಿ ಕೂಗುತ್ತಿದ್ದ. ತಲೆ ಸವರುತ್ತಾ, “ಏನೂ ಇಲ್ಲ ರೀ, ಈಗ ನಿಲ್ಲತ್ತೆ, ಈಗ ನಿಲ್ಲತ್ತೆ” ಅನ್ನುತ್ತಿದ್ದಳು. ಆರು ಗಂಟೆಗೆ ಬ್ಯಾಂಡು ನಿಂತ ಮೇಲೆ ಅವನೂ ಸುಸ್ತಾಗಿ ಸುಮ್ಮನಾಗುತ್ತಿದ್ದ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಮ್ಮೆ, “ಮನೇಲಿ ಏನಾದ್ರೂ ಶಬ್ದ ಮಾಡ್ತಾರಾ?” ಅಂತ ಕೇಳಿದ್ದರು. “ಭಾನುವಾರ ನರಳ್ತಾರೆ ಮೇಡಂ, ಬೇರೇನಿಲ್ಲ” ಅಂದಿದ್ದಳು. ಮೇಡಂ ‘ನರಳಾಟ’ ಅಂತ ಬರೆದುಕೊಂಡು ಮುಂದಿನ ರೋಗಿಯನ್ನು ಕರೆದರು.

ಅವಳ ಲೆಕ್ಕ ಸರಳವಾಗಿತ್ತು. ಬದುಕಿಡೀ ನುಡಿಸಿದವನನ್ನು ಮಂಚಕ್ಕೆ ಕಟ್ಟಿಹಾಕಿ, ಅವನ ಕಿಟಕಿಯ ಕೆಳಗೇ ಅವನಿಲ್ಲದ ಬ್ಯಾಂಡು ನುಡಿಸುತ್ತಿದ್ದಾರೆ. ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಇದೇ ಅಲ್ಲವೇ? ಊರಿನವರ ದೂರನ್ನೆಲ್ಲ ತೀರಿಸಿದ ನನಗೆ ನನ್ನ ಗಂಡನ ದೂರು ತೀರಿಸಲು ಆಗದೆ? ಎರಡು ವರ್ಷ ಹಲ್ಲು ಕಚ್ಚಿ ನೋಡಿದಳು, ಮೂರನೆಯ ವರ್ಷ ಟೈಪ್ ಮಿಷನ್ನಿಗೆ ಹಾಳೆ ಏರಿಸಿದಳು.

ಅಂಥ ಅರ್ಜಿಯನ್ನು ಅವಳು ಹಿಂದೆಂದೂ ಬರೆದಿರಲಿಲ್ಲ. ‘ಉದ್ಯಾನದ ಬ್ಯಾಂಡಿನ ಅಬ್ಬರದಿಂದ ಹಾಸಿಗೆ ಹಿಡಿದ ರೋಗಿಯೊಬ್ಬರು ಪ್ರತಿ ವಾರ ತಪ್ಪದೆ ಯಾತನೆಯಿಂದ ನರಳುತ್ತಿದ್ದು, ಪ್ರಾಣಾಪಾಯದ ಸಂಭವವಿರುತ್ತದೆ.’ ಆಮೇಲೆ ಮನೆಮನೆ ಸುತ್ತಿದಳು. ಎರಡನೆಯ ಮಹಡಿಯ ಲೆಕ್ಚರರು, “ಅಂತೂ ಯಾರೋ ಒಬ್ರು ಬಾಯಿ ಬಿಟ್ರಲ್ಲ, ಒಂದು ನಿದ್ದೆ ಮಾಡೋ ಹಾಗಿಲ್ಲ ಭಾನುವಾರ” ಅಂತ ಖುಷಿಯಿಂದ ಗೀಚಿದರು. ಕೆಳಮನೆಯ ಅಜ್ಜಿ ಕನ್ನಡಕವನ್ನೂ ಹಾಕಿಕೊಳ್ಳದೆ, ಎಲ್ಲಿ ಅಂತ ಕೇಳಿ, ತೋರಿಸಿದ ಕಡೆ ಸಹಿ ಮಾಡಿದಳು. ಹತ್ತು ದಿನದಲ್ಲಿ ಅರವತ್ತೊಂದು ಸಹಿಯಾಯಿತು. ಸಾಕ್ಷಿಗೆಂದು ನಾಲ್ಕು ಭಾನುವಾರ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ರೆಕಾರ್ಡು ಮಾಡಿದಳು. ದೂರದಲ್ಲಿ ಬ್ಯಾಂಡು, ಹತ್ತಿರದಲ್ಲಿ ಗಂಡನ ಕೂಗು. ಕೊನೆಯಲ್ಲಿ ತನ್ನ ಆ ಸಾಲನ್ನು ಮರೆಯದೆ ಸೇರಿಸಿದಳು.

ವಿಚಾರಣೆಯ ದಿನ ವಾರ್ಡ್ ಅಧಿಕಾರಿಯ ಕೋಣೆ ತುಂಬಿಹೋಗಿತ್ತು. ಬ್ಯಾಂಡಿನ ಪರವಾಗಿ ಮಾಸ್ತರೊಬ್ಬರೇ ಬಂದಿದ್ದರು. ಇಸ್ತ್ರಿ ಮಾಡಿದ ಬ್ಯಾಂಡಿನ ಕೋಟು ತೊಟ್ಟು ಬಂದಿದ್ದರು ಪಾಪ. ಅಧಿಕಾರಿ ರೆಕಾರ್ಡು ಹಾಕಿಸಿದ. ಗಂಡನ ಕೂಗು ಕೋಣೆಯಲ್ಲಿ ತುಂಬಿಕೊಂಡಾಗ ಒಬ್ಬಿಬ್ಬರು ತಲೆ ತಗ್ಗಿಸಿದರು. ಅರ್ಜಿಯಮ್ಮ ತಗ್ಗಿಸಲಿಲ್ಲ, ಮಾಸ್ತರನ್ನೇ ನೋಡುತ್ತಿದ್ದಳು. ಮಾಸ್ತರ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು. ಅವರ ಮುಖದಲ್ಲಿ ನಾಚಿಕೆಯನ್ನು ಹುಡುಕುತ್ತಿದ್ದ ಅವಳಿಗೆ ಕಂಡದ್ದು ಬೇರೇನೋ.

“ಸಾರ್, ಇನ್ನೊಂದ್ಸಲ ಹಾಕಿ” ಅಂದರು ಮಾಸ್ತರು.

ಇನ್ನೊಮ್ಮೆ ಹಾಕಿದರು. ಮಾಸ್ತರು ಅಧಿಕಾರಿಯನ್ನು ಬಿಟ್ಟು ಅವಳ ಕಡೆ ತಿರುಗಿದರು. “ಅಮ್ಮಾ, ಇದು ನರಳಾಟ ಅಲ್ಲ. ಅವನು ನುಡಿಸ್ತಾ ಇದಾನೆ.”

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು.

“ನಗಬೇಡಿ. ಅವನ ಬದಲಿಗೆ ಯಾರನ್ನೂ ಹಾಕಿಲ್ಲ ನಾವು. ಎರಡು ವರ್ಷದಿಂದ ಟ್ಯೂಬಾ ಬರೋ ಜಾಗನ ಖಾಲಿ ಬಿಟ್ಟೇ ನುಡಿಸ್ತಿದೀವಿ. ಮೂರು ಗಿಡ್ಡ ಪೊಂ, ಒಂದು ಉದ್ದ ಪೊಂ. ಕೇಳಿ ಬೇಕಾದ್ರೆ, ಸರಿಯಾಗಿ ಆ ಖಾಲಿ ಜಾಗದಲ್ಲೇ ಬರ್ತಾನೆ. ಒಂದು ಕಡೆಯೂ ತಪ್ಪಿಲ್ಲ. ಬ್ಯಾಂಡು ನಿಲ್ಸಿದ್ರೆ ಅವನ ಬಾಯಿ ಮುಚ್ಚಿದ ಹಾಗೇ ಅಮ್ಮಾ.”

ಒಂದು ಗಳಿಗೆ ಅರ್ಜಿಯಮ್ಮನಿಗೂ ಹಾಗೇ ಇರಬಹುದು ಅನ್ನಿಸಿತು. ಅದು ಸುಳ್ಳಲ್ಲ. ಆದರೆ ಆ ಗಳಿಗೆಯಲ್ಲೇ ಒಂಬತ್ತನೆಯ ದಿನದ ರಸೀದಿ ನೆನಪಾಯಿತು, ಮಹಡಿ ಹತ್ತದ ಕಾಲುಗಳು ನೆನಪಾದವು. ಮೇಲಾಗಿ ಹಿಂದೆ ಅರವತ್ತು ಜನ ಕೂತಿದ್ದರು. ಹತ್ತು ಜನರ ಮುಂದೆ ಸೋಲಲು ಒಗ್ಗದ ಬಾಯಿ ಅವಳದು.

“ಬ್ಯಾಂಡ್ ಉಳಿಸ್ಕೊಳ್ಳೋಕೆ ನನ್ನ ಗಂಡನ ನೋವನ್ನೂ ಹಾಡು ಮಾಡ್ಬಿಟ್ರಾ ಮಾಸ್ತರೇ?” ಅಂದಳು. “ಎರಡು ವರ್ಷದಲ್ಲಿ ಎಷ್ಟು ಸಲ ಬಂದು ಅವ್ರ ಮುಖ ನೋಡಿದೀರಿ? ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದೋಳು ನಾನು. ನಗು ಯಾವ್ದು, ನರಳಾಟ ಯಾವ್ದು ಅಂತ ನನಗೆ ನೀವು ಹೇಳಿಕೊಡ್ಬೇಕಾ?”

ಕೋಣೆಯಲ್ಲಿ ಹೌದು ಹೌದು ಅನ್ನುವ ಗುಸುಗುಸು ಎದ್ದಿತು. ಮಾಸ್ತರು ಕೋಟಿನ ಗುಂಡಿ ಹಾಕಿಕೊಂಡು ಎದ್ದರು. ವಾರ ಕಳೆಯುವುದರೊಳಗೆ ಆದೇಶ ಬಂತು: ಉದ್ಯಾನದಲ್ಲಿ ಯಾವುದೇ ವಾದ್ಯವನ್ನು ನುಡಿಸತಕ್ಕದ್ದಲ್ಲ. ಮಂಟಪದ ಸುತ್ತ ಕಬ್ಬಿಣದ ಬೇಲಿ ಎದ್ದು ಬೀಗ ಬಿತ್ತು.

ಮೊದಲ ಭಾನುವಾರ ಐದಕ್ಕೆ ಗಂಡ ಬಾಯಿ ಒರೆಸಿಕೊಂಡು, ಎದೆಯುಬ್ಬಿಸಿ ಕಾದ. ಪಾರ್ಕಿನಿಂದ ಬಂದದ್ದು ಮಕ್ಕಳ ಗಲಾಟೆ ಮಾತ್ರ. ಅವನು ಉಸಿರು ಬಿಟ್ಟ, ಮತ್ತೆ ತುಂಬಿಕೊಂಡ, ಮತ್ತೆ ಬಿಟ್ಟ. “ಇನ್ನು ಆರಾಮ ರೀ, ಯಾರೂ ನಿಮ್ಮನ್ನ ಗೋಳು ಹೊಯ್ಕೊಳ್ಳಲ್ಲ” ಅಂದಳು. ಬಹಳ ದಿನಗಳ ಮೇಲೆ ಅವಳಿಗೂ ಒಂದು ಸಂಜೆ ನಿದ್ದೆ ಹತ್ತಿತು. ಎರಡನೆಯ ಭಾನುವಾರವೂ ಅವನು ಕಾದ, ಮೂರನೆಯದೂ ಕಾದ. ಐದನೆಯ ಭಾನುವಾರ ಬಾಯಿ ಒರೆಸಿಕೊಳ್ಳುವುದನ್ನೇ ಬಿಟ್ಟ. ಗಂಟಲಿಂದ ಯಾವ ಸದ್ದೂ ಇಲ್ಲ, ವಾರಕ್ಕೆ ಏಳು ದಿನವೂ ಒಂದೇ. ಅರ್ಜಿಯಮ್ಮ ನಾದಿನಿಗೆ ಹೇಳಿದಳು, “ನೋಡು, ನೋವೆಲ್ಲ ಹೋಯ್ತು.” ನಾದಿನಿ ಅಣ್ಣನ ಹೊದಿಕೆ ಸರಿ ಮಾಡಿದಳು.

ನಿಜ ಗೊತ್ತಾದದ್ದು ಮೆಟ್ಟಿಲ ಕೆಳಗಿನ ಅವಳ ಮೇಜಿನಲ್ಲೇ. ಪಕ್ಕದ ಮನೆಯ ನಾಯಿಯ ಮೇಲೆ ದೂರು ಬರೆಸಲು ಒಬ್ಬ ಬಸ್ ಡ್ರೈವರು ಬಂದಿದ್ದ. ಸಾಕ್ಷಿ ಹೇಗಿರಬೇಕು ಅಂತ ತೋರಿಸಲು ಅವಳು ಫೋನಿನಲ್ಲಿ ತನ್ನ ಹಳೆಯ ರೆಕಾರ್ಡು ಹಾಕಿದಳು. ಅವನು ಕಿವಿಗಿಟ್ಟುಕೊಂಡು ಕೇಳಿದ. ಕೇಳುತ್ತಾ ಕೇಳುತ್ತಾ ಅವನ ಕಾಲು ನೆಲ ತಟ್ಟಲು ಶುರುವಾಯಿತು.

“ಚೆನ್ನಾಗಿದೆ ಅಮ್ಮ. ಜೊತೇಲಿ ಹಾಡ್ತಿರೋರು ಯಾರು?”

“ಹಾಡ್ತಿಲ್ಲ ಕಣಪ್ಪ, ಅದು ನಮ್ಮನೆಯವರು ನರಳ್ತಿರೋದು.”

“ಹೌದಾ?” ಅಂದ ಅವನು ಸಂಕೋಚದಿಂದ. “ಸರಿಯಾಗಿ ತಾಳಕ್ಕೆ ಬರ್ತಿದಾರಲ್ಲ, ಅದಕ್ಕೇ ಕೇಳ್ದೆ. ಬೇಜಾರ್ ಮಾಡ್ಕೋಬೇಡಿ.”

ಅವನಿಗೆ ಬ್ಯಾಂಡು ಉಳಿಸಬೇಕಾಗಿರಲಿಲ್ಲ, ಯಾವ ರಸೀದಿಯ ಹಂಗೂ ಇರಲಿಲ್ಲ. ಅವನು ಹೋದ ಮೇಲೆ ಅರ್ಜಿಯಮ್ಮ ಮೇಜಿಗೆ ಬಟ್ಟೆ ಮುಚ್ಚಿ, ನಾಲ್ಕೂ ಭಾನುವಾರದ ರೆಕಾರ್ಡುಗಳನ್ನು ಒಂದರ ಹಿಂದೊಂದು ಕೇಳಿದಳು. ಸಂಗೀತದ ಗಂಧಗಾಳಿ ಅವಳಿಗಿಲ್ಲ. ಆದರೆ ಅಸಲಿಗೂ ನಕಲಿಗೂ ಅಕ್ಷರ ತಾಳೆ ನೋಡುವುದು ಅವಳ ದಿನದ ಕೆಲಸ. ಹಾಗೆಯೇ ತಾಳೆ ನೋಡಿದಳು. ಮೊದಲ ಭಾನುವಾರ ಎಲ್ಲಿ ಮೂರು ಗಿಡ್ಡ, ಒಂದು ಉದ್ದ ಬಂದಿತ್ತೋ ಎರಡನೆಯ ಭಾನುವಾರವೂ ಅಲ್ಲೇ ಬಂದಿತ್ತು, ಮೂರನೆಯದರಲ್ಲೂ, ನಾಲ್ಕನೆಯದರಲ್ಲೂ. ನೋವು ಹೀಗೆ ಗಡಿಯಾರ ನೋಡಿಕೊಂಡು ಬರುತ್ತದೆಯೇ? ಒಂದು ಕಡೆ ಬ್ಯಾಂಡಿನವರು ತಡವರಿಸಿದಾಗ ಅವನೂ ನಿಂತು, ಅವರು ಎತ್ತಿಕೊಂಡ ಮೇಲೆ ಎತ್ತಿಕೊಂಡಿದ್ದ. ಅದರ ಮೇಲೆಯೇ ತನ್ನ ಸ್ವಂತ ದನಿ: ‘ಈಗ ನಿಲ್ಲತ್ತೆ, ಈಗ ನಿಲ್ಲತ್ತೆ.’

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು. ಅಲ್ಲೇ ಹಾಳೆ ಏರಿಸಿ, ಅರ್ಜಿ ಹಿಂತೆಗೆದುಕೊಳ್ಳುವ ಅರ್ಜಿಯನ್ನು ಟೈಪು ಮಾಡಿ, ಮೆಟ್ಟಿಲು ಹತ್ತಿ ಗುಮಾಸ್ತನ ಮುಂದಿಟ್ಟಳು. ಗುಮಾಸ್ತ ಫೈಲು ತೆಗೆದ. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದ: “ಯಾರೇ ಆಗಲಿ ಮುಂದೆ ಒತ್ತಡಕ್ಕೋ ದಾಕ್ಷಿಣ್ಯಕ್ಕೋ ಮಣಿದು... ಅರ್ಜಿಯಮ್ಮಾ, ಇದನ್ನ ದಾಟೋಕೆ ನಮ್ಮ ಸಾಹೇಬರ ಕೈಲೂ ಆಗಲ್ಲ. ನೀವು ಹಾಕಿದ ಬೀಗಕ್ಕೆ ನಿಮ್ಮ ಹತ್ರಾನೇ ಕೀಲಿಕೈ ಇಲ್ವಲ್ಲ!” ಅಂತ ಹಲ್ಲು ಕಿರಿದ.

“ಬೇರೆ ದಾರಿ ಇಲ್ವಾ?”

“ಅರವತ್ತೊಂದು ಜನಾನೂ ಇಲ್ಲಿಗೆ ಬಂದು, ನಮಗೆ ಬ್ಯಾಂಡು ಬೇಕು ಅಂತ ಸಹಿ ಹಾಕ್ಲಿ. ಆಗ ನೋಡೋಣ.”

ಅವಳು ಮತ್ತೆ ಮನೆಮನೆ ಸುತ್ತಿದಳು. ಹೋದ ಸಲ ಬಾಗಿಲು ತೆರೆದ ಕೈಗಳೇ ಈ ಸಲ ಬಾಗಿಲನ್ನು ಅರ್ಧ ಹಿಡಿದುಕೊಂಡು ನಿಂತವು. ಲೆಕ್ಚರರು, “ಏನಮ್ಮ ಇದು, ಎಡಕ್ಕೆ ಹೋಗು ಅಂದ್ರೆ ಎಡಕ್ಕೆ, ಬಲಕ್ಕೆ ಅಂದ್ರೆ ಬಲಕ್ಕೆ ಹೋಗೋಕೆ ನಾವೇನು ನಿಮ್ಮ ಸೈಕಲ್ಲಾ? ನೀವು ಮಾಡಿದ ಪುಣ್ಯದ ಕೆಲಸ ಇದೊಂದೇ, ಅದನ್ನೂ ಕೆಡಿಸ್ಬೇಡಿ” ಅಂದರು. ಕೆಲವರು ಅವಳಿಗೆ ಧನ್ಯವಾದ ಹೇಳಿ ಕಳಿಸಿದರು. ಅದು ಬೈಗುಳಕ್ಕಿಂತ ಹೆಚ್ಚು ಉರಿಯಿತು. ಕೆಳಮನೆಯ ಅಜ್ಜಿ ಮಾತ್ರ ಈಗಲೂ ಎಲ್ಲಿ ಅಂತ ಕೇಳಿ ತೋರಿಸಿದ ಕಡೆ ಸಹಿ ಮಾಡಿದಳು.

“ಅಜ್ಜೀ, ಹೋದ ಸಲ ನಿಲ್ಲಿಸೋಕೆ ಹಾಕಿದ್ರಿ, ಈಗ ಶುರು ಮಾಡೋಕೆ ಹಾಕ್ತಿದೀರಿ, ಗೊತ್ತಾಯ್ತಾ?”

“ಅಯ್ಯೋ, ಅದು ನಿಲ್ಲಿಸೋಕಾ?” ಅಜ್ಜಿ ಬೆಚ್ಚಿದಳು. “ಗಂಡಂಗೆ ಹುಷಾರಿಲ್ಲ ಅಂತ ಬಂದಿದ್ಯಲ್ಲ, ಏನೋ ಸಹಾಯಕ್ಕೆ ಅಂದ್ಕೊಂಡು ಹಾಕ್ದೆ. ನನಗೆ ವಾರಕ್ಕೆ ಇದ್ದದ್ದು ಅದೊಂದೇ ಅಲ್ವೇನೇ ಮಗಳೇ.”

ಅರವತ್ತೊಂದರಲ್ಲಿ ಏಳು ಸಹಿ ಸಿಕ್ಕಿತು. ಏಳು ಜನ ಅಂದರೆ ಸಾರ್ವಜನಿಕರಲ್ಲ ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಉಳಿದದ್ದು ಮಾಸ್ತರು. ಕಾರ್ಯಕ್ರಮವೇ ಇಲ್ಲದ ಬ್ಯಾಂಡು ಯಾಕೆಂದು ಅಷ್ಟರಲ್ಲಿ ನಗರಸಭೆ ಬ್ಯಾಂಡನ್ನೇ ಮುಚ್ಚಿತ್ತು; ವಾದ್ಯಗಳು ಉಗ್ರಾಣ ಸೇರಿದ್ದವು, ಜನ ತಮ್ಮ ತಮ್ಮ ಕೆಲಸಕ್ಕೆ ಚದುರಿದ್ದರು. ಮಾಸ್ತರು ಜನನ ಮರಣ ನೋಂದಣಿಯ ಕಿಂಡಿಯಲ್ಲಿ ಕೂತಿದ್ದರು. ಅರ್ಜಿಯಮ್ಮ ಮರಣದ ಸಾಲಿನಲ್ಲಿ ನಿಂತು, ಸರದಿ ಬಂದಾಗ ಕಿಂಡಿಗೆ ಮುಖವಿಟ್ಟು ಎಲ್ಲ ಹೇಳಿದಳು.

“ನೀವು ಹೇಳಿದ್ದೇ ನಿಜ. ಬೈದುಬಿಡಿ ಅಣ್ಣಾ ನನ್ನನ್ನ.”

“ಬೈದ್ರೆ ಬೇಲಿ ಬೀಗ ತೆಗೀತಾರಾ?” ಅಂದರು ಮಾಸ್ತರು. ಹಿಂದೆ ನಿಂತವರು ಗೊಣಗುತ್ತಿದ್ದರು. ಅವರು ರಿಜಿಸ್ಟರು ಮುಚ್ಚಿದರು. “ತಪ್ಪು ನಂದೂ ಇದೆ ತಂಗೀ. ಅವನ ಜಾಗ ಖಾಲಿ ಬಿಟ್ರೆ ಸಾಕು, ದೊಡ್ಡ ಮರ್ಯಾದೆ ಅಂದ್ಕೊಂಡಿದ್ವಿ. ಮೂರು ಮಹಡಿ ಹತ್ತಿ ಬಂದು ಹೇಳ್ಲಿಲ್ಲ. ಕಾರ್ನೆಟ್ ನನ್ನ ಸ್ವಂತದ್ದು, ಯಾರೂ ಕಿತ್ಕೊಳ್ಳೋ ಹಾಗಿಲ್ಲ. ಭಾನುವಾರ ಬರ್ತೀನಿ.”

ಬಂದರು. ಅಕ್ಕಪಕ್ಕದವರಿಗೆ ಕೇಳದಿರಲಿ ಎಂದು ಕಿಟಕಿಗಳನ್ನೆಲ್ಲ ಮುಚ್ಚಿ, ಕಾರ್ನೆಟ್ಟಿನ ಬಾಯಿಗೆ ಬಟ್ಟೆ ತುರುಕಿ, ಮಂಚದ ಪಕ್ಕ ಸ್ಟೂಲಿನಲ್ಲಿ ಕೂತರು. ಗಂಡ ಗೆಳೆಯನ ಮುಖವನ್ನೂ ಕಾರ್ನೆಟ್ಟನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ. ಅವನ ಎಡಗೈ ನಿಧಾನವಾಗಿ ಎದ್ದು ಬಾಯಿ ಒರೆಸಿತು. ಮಾಸ್ತರು ನುಡಿಸುತ್ತಾ ಹೋಗಿ, ಆ ಜಾಗ ಬಂದಾಗ ನಿಂತರು. ಅವನಿಂದ ಬಂತು: ಮೂರು ಗಿಡ್ಡ, ಒಂದು ಉದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅರ್ಜಿಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅದೇ ದನಿ, ಅದೇ ಕೆಂಪಾದ ಮುಖ, ಅದೇ ಕಣ್ಣೀರು. ಇಪ್ಪತ್ತೆರಡು ವರ್ಷದ ಮೇಲೆ ಮೂರು ವರ್ಷ ಸೇರಿಸಿ, ಅವಳು ಮೊದಲ ಬಾರಿ ಗಂಡ ನುಡಿಸುವುದನ್ನು ಕೇಳಿದಳು.

ಹಾಡು ಮುಗಿದಾಗ ಗಂಡ ಮಾಸ್ತರ ತೋಳು ಜಗ್ಗಿದ. ಮುಚ್ಚಿದ ಕಿಟಕಿಯ ಆಚೆ, ಪಾರ್ಕಿನ ಕಡೆ ಬೆರಳು ತೋರಿಸಿ, ಅಂಗೈ ಮಗುಚಿ, ಯಾಕೆ ಅಂತ ಕೇಳಿದ.

ಮಾಸ್ತರು ನೆಲ ನೋಡಿದರು. “ಮುಚ್ಚಿಬಿಟ್ರು ಕಣಯ್ಯಾ. ಯಾರೋ ಅರ್ಜಿ ಕೊಟ್ಟಿದ್ರಂತೆ.”

ಒಳ್ಳೆಯ ಮನುಷ್ಯ, ತಪ್ಪಿಸಿಕೊಳ್ಳಲು ಅವಳಿಗೊಂದು ದಾರಿ ಮಾಡಿಕೊಟ್ಟಿದ್ದರು. ಅರ್ಜಿಯಮ್ಮ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ‘ಯಾರೋ’ ಅನ್ನುವ ಪದವನ್ನು ಅವಳು ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಒಮ್ಮೆಯೂ ಟೈಪು ಮಾಡಿದವಳಲ್ಲ. ಯಾರು, ಯಾವಾಗ, ಏನು ಮಾಡಿದರು ಅಂತ ಬರೆಯದ ದೂರು ನಿಲ್ಲುವುದಿಲ್ಲ ಅಂತ ಬಂದವರಿಗೆಲ್ಲ ಹೇಳಿಕೊಟ್ಟವಳು. ಮಂಚದ ಹತ್ತಿರ ಬಂದು ನಿಂತಳು.

“ಯಾರೋ ಅಲ್ಲ ರೀ. ನಾನೇ. ನೀವು ನೋವಿಗೆ ಕೂಗ್ತಿದೀರಿ ಅಂದ್ಕೊಂಡೆ. ಅಣ್ಣ ಬಿಡಿಸಿ ಹೇಳಿದ್ರು, ನಾನು ಕೇಳ್ಲಿಲ್ಲ.”

ಗಂಡ ಅವಳನ್ನೇ ಬಹಳ ಹೊತ್ತು ನೋಡಿದ. ಬೈಯಲು ಬಾಯಿಲ್ಲ, ಎದ್ದು ಹೋಗಲು ಕಾಲಿಲ್ಲ. ಕಣ್ಣು ತಿರುಗಿಸಿಕೊಂಡ. ಮಾಸ್ತರು ಗಾಬರಿಯಿಂದ ಕಾರ್ನೆಟ್ ಎತ್ತಿ ಇನ್ನೊಮ್ಮೆ ಶುರು ಮಾಡಿದರು, ಆ ಜಾಗ ಬಂದಾಗ ನಿಂತರು. ಗಂಡನ ತುಟಿ ಬಿಗಿದೇ ಇತ್ತು. ಮತ್ತೆ ನುಡಿಸಿದರು. ಆ ಜಾಗ ಖಾಲಿಯಾಗಿಯೇ ಹೋಯಿತು.

ಮುಂದಿನ ಭಾನುವಾರವೂ ಅಷ್ಟೇ. ಅದರ ಮುಂದಿನ ಭಾನುವಾರ ಅವಳು ಒಗೆದ ಬಟ್ಟೆ ಹರವಲು ತಾರಸಿಗೆ ಹೋಗಿದ್ದಳು. ಇಳಿದು ಬರುವಾಗ ಮುಚ್ಚಿದ ಬಾಗಿಲಾಚೆ ಕಾರ್ನೆಟ್ಟಿನ ಜೊತೆಗೆ ಆ ದನಿ ಕೇಳಿಸಿತು. ಮೂರು ಗಿಡ್ಡ, ಒಂದು ಉದ್ದ, ಹಿಂದೆಂದಿಗಿಂತ ಗಟ್ಟಿಯಾಗಿ. ಖಾಲಿ ಬಕೆಟ್ಟನ್ನು ಅಲ್ಲೇ ಇಟ್ಟು ಬಾಗಿಲು ತಳ್ಳಿದಳು. ದನಿ ನಡುವೆಯೇ ಕತ್ತರಿಸಿಹೋಯಿತು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದು ಕೂತು ನೋಡಿದಳು. ಇಪ್ಪತ್ತೈದು ವರ್ಷ ಅವಳ ಹೆಜ್ಜೆ ಸಪ್ಪಳ ಕೇಳಿದ ಕಿವಿಗಳು. ಹೋದ ಹೆಜ್ಜೆ ಎಲ್ಲಿ ನಿಂತಿತು ಅನ್ನುವುದು ಅವಕ್ಕೆ ಗೊತ್ತಾಗುತ್ತಿತ್ತು. ಒಳಗೆ ಕಾರ್ನೆಟ್ ಒಂದೇ ನುಡಿಯಿತು.

ಉಳಿದ ದಿನ ಅವಳೇ ತುತ್ತು ಮಾಡಿ ಹಾಕುತ್ತಾಳೆ, ಅವನು ಗೋಡೆ ನೋಡುತ್ತಾ ನುಂಗುತ್ತಾನೆ. ಮೈ ಒರೆಸಿದರೆ ಒರೆಸಿಸಿಕೊಳ್ಳುತ್ತಾನೆ, ಮಗ್ಗುಲು ಬದಲಾಯಿಸಿದರೆ ಬದಲಾಯಿಸಿಕೊಳ್ಳುತ್ತಾನೆ. ಅದಕ್ಕೆಲ್ಲ ಅವನ ತಕರಾರಿಲ್ಲ. ಭಾನುವಾರ ಮಾತ್ರ ಐದಕ್ಕೆ ಕಾಲು ಗಂಟೆ ಇರುವಾಗಲೇ ಅವಳು ಚಪ್ಪಲಿ ಹಾಕಿಕೊಂಡು, ಮಾಸ್ತರಿಗೆ ಬಾಗಿಲು ತೆರೆದಿಟ್ಟು, ಅವನಿಗೆ ಕೇಳಲೆಂದು ಸಪ್ಪಳ ಮಾಡುತ್ತಾ ಮೂರು ಮಹಡಿ ಇಳಿಯುತ್ತಾಳೆ. ಪಾರ್ಕಿನ ಆ ತುದಿಯ ಬೆಂಚಿನವರೆಗೆ ಹೋಗಿ ಕೂರುತ್ತಾಳೆ. ಅಲ್ಲಿಗೆ ಏನೂ ಕೇಳಿಸುವುದಿಲ್ಲ. ಆರರ ಸುಮಾರಿಗೆ ಮಾಸ್ತರು ಕಾರ್ನೆಟ್ಟಿನ ಚೀಲ ಹಿಡಿದು ಬಂದು ಅವಳ ಮುಂದೆ ನಿಲ್ಲುತ್ತಾರೆ.

“ಇವತ್ತು ಚೆನ್ನಾಗಿ ನುಡಿಸ್ದ” ಅನ್ನುತ್ತಾರೆ.

“ಹೌದಾ ಅಣ್ಣಾ?” ಅನ್ನುತ್ತಾಳೆ. ಆಮೇಲೆ ಎದ್ದು ಮನೆಗೆ ಹೋಗುತ್ತಾಳೆ.